ಮರ ನೆಟ್ಟರೆ ಕೆಡುವ ಕಾಡು

ಬೆಳ್ಳಾವಿ ಸುತ್ತಿನ ತೆಂಗಿನ ತೋಟಗಳನ್ನು ಹಿಂದೆ ಬಿಟ್ಟು, ಕೊರಟಗೆರೆ, ಮಧುಗಿರಿ ದಾಟಿ ಕೊಡಿಗೇನಹಳ್ಳಿ ಕಡೆ ಸಾಗಿದರೆ ಹಸಿರು ತೆಳುವಾಗುತ್ತ ಹೋಗುತ್ತದೆ. ಆಂಧ್ರದ ಗಡಿ ಇನ್ನೇನು ಬಂತು ಅನ್ನುವಾಗ ಮೈದಾನಹಳ್ಳಿ. ಇಲ್ಲಿನ 798 ಎಕರೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ದೇವರಾಯನದುರ್ಗದಲ್ಲಿ ಹುಟ್ಟುವ ನದಿಯ ಹೆಸರು ಇದಕ್ಕೆ.

ದಟ್ಟ ಕಾಡು ನೋಡಲು ಬಂದವರಿಗೆ ಮೊದಲು ನಿರಾಸೆಯೇ. ಕಾಣುವುದು ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಹಿಂದೆ ಇಲಾಖೆ ನೆಟ್ಟ ನೀಲಗಿರಿ. ಎಳೆಬಿಸಿಲಿಗೆ ಕಣ್ಣು ಹೊಂದಿಕೊಂಡ ಮೇಲೆ ಬಯಲಿನ ನಡುವೆ ಗಂಡು ಕಾಣುತ್ತದೆ: ಬೆನ್ನು ಕಪ್ಪು, ಹೊಟ್ಟೆ ಬೆಳ್ಳಗೆ, ತಿರುಚಿಕೊಂಡ ಕೊಂಬು. ತನ್ನ ಗಡಿಯನ್ನು ಅದು ಕಾಯುವ ರೀತಿ ನೋಡಬೇಕು. ಮತ್ತೆಮತ್ತೆ ಅದೇ ಜಾಗದಲ್ಲಿ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಕಣ್ಣಿನ ಬುಡದ ಗ್ರಂಥಿಯನ್ನು ಕಡ್ಡಿಯ ತುದಿಗೆ ಉಜ್ಜಿ ವಾಸನೆ ಬಿಡುತ್ತದೆ. ಹೆಣ್ಣಿಗೆ ಮರಿಯದೇ ಚಿಂತೆ. ಎಳೆಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ಆದ್ದರಿಂದ ದಾರಿ ಬಿಟ್ಟು ಹುಲ್ಲಿಗಿಳಿಯಬೇಡಿ.

ಗಂಟೆಗೆ 80 ಕಿ.ಮೀ. ಮುಟ್ಟುವ ಇದರ ಓಟ ಒಂದು ಕಾಲಕ್ಕೆ ಅರಸರ ಮೋಜು. ಪಳಗಿಸಿದ ಚೀತಾಗಳನ್ನು ಬಿಟ್ಟು ಬೇಟೆಯಾಡಿಸುತ್ತಿದ್ದರು. ಟಿಪ್ಪುವಿನ ಬಳಿಯೂ ಅಂಥ ಚೀತಾಗಳಿದ್ದವು. 1952ರ ಹೊತ್ತಿಗೆ ಚೀತಾವೇ ದೇಶದಿಂದ ಅಳಿದುಹೋಗಿತ್ತು. ಕೃಷ್ಣಮೃಗ ಉಳಿಯಿತು, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಆದರೆ ಬಯಲು ಕಂಡಲ್ಲೆಲ್ಲ ಸಸಿ ನೆಡುವ ನಮ್ಮ ಚಾಳಿಗೆ ಕಾಯ್ದೆಯಲ್ಲಿ ಮದ್ದಿಲ್ಲ. ವನಮಹೋತ್ಸವದ ಫೋಟೊಗೆ ಹುಲ್ಲು ಒಗ್ಗುವುದಿಲ್ಲ, ನಿಜ. ಆದರೆ ಮರ ಒತ್ತೊತ್ತಾಗಿ ಬೆಳೆದರೆ ಮೇವೂ ಕಡಿಮೆ, ದೂರದಿಂದಲೇ ಅಪಾಯ ಕಂಡು ಓಡಲು ತೆರಪೂ ಇಲ್ಲ. ಇಲ್ಲಿ ನೀಲಗಿರಿ ಕಡಿಮೆಯಾದಷ್ಟೂ ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಹಿಂಡಿಗೆ ಮೀಸಲಿನ ಗಡಿ ಗೊತ್ತಿಲ್ಲ. ಸುತ್ತಲಿನ ಕಡಲೆಕಾಯಿ, ರಾಗಿ ಹೊಲಗಳಿಗೂ ಇಳಿಯುತ್ತವೆ. ಮಳೆ ನಂಬಿ ಬಿತ್ತಿದವರ ಸಿಟ್ಟು ನ್ಯಾಯವೇ. ನೋಡಲು ಹೋಗುವವರು ಕಾರನ್ನು ಅವರ ಹೊಲದ ಬದುವಿನ ಮೇಲೆ ನಿಲ್ಲಿಸದಿದ್ದರೆ ಸಾಕು. ಬೆಳಗ್ಗೆ ಬೇಗ ಹೋಗಿ, ದುರ್ಬೀನು ಇರಲಿ.