ಚೀನಿಯ ‘ತಾ’, ಬಳ್ಳಾರಿಯ ‘ಹೊಡಿ’: ಒಂದು ಕ್ರಿಯಾಪದದ ಅರ್ಥವ್ಯಾಪ್ತಿ

ಚೀನಿಯ ‘ತಾ’ (ಮೂರನೆಯ ಟೋನು) ಕ್ರಿಯಾಪದಕ್ಕೆ ನಿಘಂಟುಗಳು ಕೊಡುವ ಮೊದಲ ಅರ್ಥ ‘ಹೊಡೆ’. ಪಿನ್‌ಯಿನ್ ಲಿಪ್ಯಂತರದಲ್ಲಿ ಇದನ್ನು ದಕಾರದಿಂದ ಬರೆದರೂ ಉಚ್ಚಾರಣೆ ಅಘೋಷ, ಅಲ್ಪಪ್ರಾಣ. ಆದ್ದರಿಂದ ಇಲ್ಲಿ ತಕಾರವನ್ನು ಬಳಸಿದೆ. ದೂರವಾಣಿ ಕರೆ ಮಾಡುವುದು, ಕೊಡೆ ಹಿಡಿಯುವುದು, ನೀರು ತರುವುದು, ಸ್ವೆಟರ್ ಹೆಣೆಯುವುದು ಎಲ್ಲಕ್ಕೂ ಚೀನಿಯಲ್ಲಿ ಇದೇ ಕ್ರಿಯಾಪದ ಸಲ್ಲುತ್ತದೆ. ಈ ವಿಸ್ತಾರ ಇಂದಿನದಲ್ಲ. ದೋಣಿ ಕಟ್ಟುವುದಕ್ಕೂ ಮೀನು ಹಿಡಿಯುವುದಕ್ಕೂ ಜನ ‘ತಾ’ ಎನ್ನುವುದನ್ನು ವಿದ್ವಾಂಸ ಓಯಾಂಗ್ ಶ್ಯೂ (1007–1072) ಲೋಕರೂಢಿಯ ದೋಷವೆಂದೇ ಆಕ್ಷೇಪಿಸಿದ್ದ.

ಇಂಥವನ್ನು ಅರ್ಥ ಬರಿದಾದ ಹಗುರ ಕ್ರಿಯಾಪದಗಳೆಂದು ವರ್ಗೀಕರಿಸುವುದು ವಾಡಿಕೆ. ಬಳ್ಳಾರಿ ಕನ್ನಡದ ‘ಹೊಡಿ’ಯನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ವರ್ಗೀಕರಣ ಸಾಲದೆನಿಸುತ್ತದೆ. ‘ಗೊರಕಿ ಹೊಡಿ’, ‘ಟೈರಿಗೆ ಗಾಳಿ ಹೊಡಿ’ ಎಂಬಲ್ಲಿ ಎರಡೂ ಭಾಷೆಗಳು ಪದಶಃ ಕೂಡುತ್ತವೆ: ‘ತಾ ಹೂಲು’, ‘ತಾ ಛಿ’. ಇಲ್ಲಿ ‘ಹೊಡಿ’ ತಟಸ್ಥ. ‘ಫೋನ್ ಹೊಡಿ’, ‘ನಿದ್ದಿ ಹೊಡಿ’ ಹಾಗಲ್ಲ. ಅವುಗಳ ಬದಿಯಲ್ಲೇ ‘ಫೋನ್ ಮಾಡು’, ‘ನಿದ್ದಿ ಮಾಡು’ ಇರುವುದರಿಂದ ‘ಹೊಡಿ’ ಒಂದು ಆಯ್ಕೆಯಾಗಿ, ಸಲುಗೆಯನ್ನೋ ಅತಿರೇಕವನ್ನೋ ಸೂಚಿಸುತ್ತದೆ. ಗೆಳೆಯನಿಗೆ ಫೋನ್ ಹೊಡೆಯಬಹುದು, ತಹಶೀಲ್ದಾರರಿಗೆ ಮಾಡಬೇಕು. ಚೀನಿಯ ‘ತಾ ತ್ಯೆನ್‌ಹ್ವಾ’ ಇಬ್ಬರಿಗೂ ಒಂದೇ. ‘ನೀರು ಹೊಡಿ’ಯಂತೂ ಕಲಿಯುವವರನ್ನು ದಾರಿ ತಪ್ಪಿಸುತ್ತದೆ: ನಮ್ಮಲ್ಲಿ ಅದು ಎರಚುವುದು ಅಥವಾ ಪಂಪಿನಿಂದ ಎತ್ತುವುದು, ಚೀನಿಯ ‘ತಾ ಷ್ವೇ’ ನೀರು ತುಂಬಿ ತರುವುದು.

ಗಡಿಯ ತೆಲುಗಿನ ಪ್ರಭಾವವೆಂದು ಇದನ್ನೆಲ್ಲ ತಳ್ಳಿಹಾಕಲಾಗದು. ತೆಲುಗಿನಲ್ಲಿ ‘ಗಾಲಿ ಕೊಟ್ಟು’ ಉಂಟು. ಗೊರಕೆಗೆ ಮಾತ್ರ ‘ಪೆಟ್ಟು’, ಅಂದರೆ ‘ಇಡು’. ಪ್ರತಿ ನಾಮಪದವೂ ತನ್ನ ಕ್ರಿಯಾಪದವನ್ನು ಬೇರೆಯಾಗಿಯೇ ಗೊತ್ತುಮಾಡಿಕೊಳ್ಳುತ್ತದೆ.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ, ಕುರುಗೋಡಿನ ಮೆಣಸಿನಕಾಯಿ ಹೊಲಗಳಲ್ಲಿ ‘ಎಣ್ಣಿ’ ಎಂದರೆ ಕೀಟನಾಶಕ. ಸಂಜೆಯ ಮಾತಿನಲ್ಲಿ ಅದೇ ಮದ್ಯ. ‘ಎಣ್ಣಿ ಹೊಡದಾನ’ ಎಂಬುದು ಸಿಂಪಡಣೆಯೂ ಆಗಬಹುದು, ಕುಡಿತವೂ ಆಗಬಹುದು. ತೆಲುಗಿನ ‘ಮಂದು ಕೊಟ್ಟು’ವಿಗೂ ಇದೇ ದ್ವಂದ್ವವಿದೆ. ‘ಎಣ್ಣಿ ಕುಡದಾನ’ ಎಂದೊಡನೆ ಮನೆಯವರು ಆಸ್ಪತ್ರೆಗೆ ಓಡುವ ಪ್ರಸಂಗ ಬರಬಹುದು. ಚೀನಿಯ ಗ್ರಾಮೀಣ ಬಳಕೆಯೂ ಇಲ್ಲಿಗೇ ಬಂದು ನಿಲ್ಲುವುದು ಗಮನಾರ್ಹ. ‘ಯಾವ್’ ಎಂದರೆ ಔಷಧ. ‘ತಾ ಯಾವ್’ ಬೆಳೆಗೆ ಸಿಂಪಡಿಸುವುದು, ‘ಹ ಯಾವ್’ (ಔಷಧ ಕುಡಿ) ಸಾಮಾನ್ಯವಾಗಿ ಮದ್ದು ಸೇವಿಸುವುದು, ಸಂದರ್ಭ ಬದಲಾದರೆ ವಿಷ ಸೇವಿಸುವುದು. ಕ್ರಿಯಾಪದ ಬರಿದಾಗಿದ್ದರೆ ಈ ಭೇದವನ್ನು ಹೊರುತ್ತಿರಲಿಲ್ಲ. ಆದ್ದರಿಂದ ದ್ವಿಭಾಷಾ ನಿಘಂಟಿನಲ್ಲಿ ‘ತಾ’ದ ನಮೂದು ಅರ್ಥಗಳ ಪಟ್ಟಿಯಾಗಿದ್ದರೆ ಸಾಲದು; ಪ್ರತಿ ನಾಮಪದದೊಂದಿಗೆ ಅದರ ಜಾಗದಲ್ಲಿ ಬರಬಹುದಾದ ಬೇರೆ ಕ್ರಿಯಾಪದಗಳನ್ನೂ ಕೊಡಬೇಕು.