ಟ್ರಾಕ್ಟರಿನ ಚಕ್ರಕ್ಕೆ ನೀರಿನ ಭಾರ

ಸಣ್ಣ ಟ್ರಾಕ್ಟರಿಗೆ ಬ್ಯಾಕ್‌ಹೋ ಜೋಡಿಸಿ ಕಾಲುವೆ ತೋಡುವಾಗ, ಮಣ್ಣು ತುಂಬಿದ ತೋಳು ಪಕ್ಕಕ್ಕೆ ತಿರುಗಿದೊಡನೆ ಯಂತ್ರವು ವಾಲುವುದುಂಟು. ಇಳಿಜಾರಿನಲ್ಲಿ ಮಗುಚಿದರೆ ಚಾಲಕನ ಪ್ರಾಣಕ್ಕೇ ಅಪಾಯವು. ಹಿಂದಿನ ಟೈರುಗಳಿಗೆ ನೀರು ತುಂಬಿಸುವುದು ಇದಕ್ಕೊಂದು ಸುಲಭೋಪಾಯವು. 100 ಲೀಟರು ನೀರಿಗೆ 100 ಕಿಲೋಗ್ರಾಂ ಭಾರವುಂಟು. ಅದು ನೆಲದ ಸಮೀಪದಲ್ಲಿಯೇ ನಿಲ್ಲುವುದರಿಂದ ಯಂತ್ರಕ್ಕೆ ಸ್ಥಿರತೆಯುಂಟಾಗುವುದು.

ವಾಲ್ವನ್ನು ಮೇಲುಗಡೆಗೆ ತಂದು, ಟೈರಿನ ಮುಕ್ಕಾಲು ಭಾಗವನ್ನು ಮಾತ್ರ ತುಂಬಿಸತಕ್ಕದ್ದು. ಮಿಕ್ಕ ಸ್ಥಳದಲ್ಲಿ ಗಾಳಿಯಿರಬೇಕು. ನೀರು ಹೆಪ್ಪುಗಟ್ಟುವ ಶೀತದೇಶಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುವರು; ಅದು ಸೋರಿದರೆ ಚಕ್ರದ ಉಕ್ಕನ್ನು ತಿನ್ನುವುದು. ನಮ್ಮ ಬಯಲುಸೀಮೆಗೆ ಬರಿಯ ನೀರೇ ಸಾಕು.

ಬ್ಯಾಕ್‌ಹೋವಿನ ಭಾರದಿಂದ ಮುಂದಿನ ಚಕ್ರಗಳು ಹಗುರಾಗುವುದನ್ನು ಈ ನೀರು ತಡೆಯಲಾರದು. ಅದಕ್ಕೆ ಮುಂಭಾಗದಲ್ಲಿಯೇ ತೂಕವನ್ನು ಜೋಡಿಸತಕ್ಕದ್ದು. ನೀರು ತುಂಬಿದೆಯೆಂಬ ಧೈರ್ಯದಿಂದ ಆಧಾರದ ಕಾಲುಗಳನ್ನು ಊರದೆ ಎಂದಿಗೂ ಅಗೆಯಕೂಡದು.