ಭಜನಿ ಕೇಳಸೂದಿಲ್ಲ, ಡಿಜೆ ಕಿವಿ ಬಿಡೂದಿಲ್ಲ!
ಪೆನ್‌ಡ್ರೈವ್ ಹಾಡುಗಳ ಸೌಂಡ್ ಸಮ ಮಾಡಲು ಸುಲಭ ಉಪಾಯ

ಅಕ್ಕಲಕೋಟ: ಗಡಿಭಾಗದ ಕನ್ನಡ ಮನೆಗಳ ಪೆನ್‌ಡ್ರೈವ್ ಅಂದರೆ ಒಂದು ಸಂತೆ ಇದ್ದಂತೆ. ಭೀಮಸೇನ ಜೋಶಿಯವರ ಕನ್ನಡ ದಾಸವಾಣಿ, ಅವರದೇ ಮರಾಠಿ ಅಭಂಗ, ಸೊಲ್ಲಾಪುರದ ಸಿದ್ಧರಾಮನ ವಚನ, ಡಾ. ರಾಜ್ ಹಾಡು, ಲಾವಣಿ, ಮದುವೆ ಡಿಜೆ ಎಲ್ಲವೂ ಒಂದರಲ್ಲೇ. ಜತೆಗೆ ಹಳೆ ಕ್ಯಾಸೆಟ್‌ನಿಂದ ಇಳಿಸಿಕೊಂಡ ಊರ ಭಜನೆ, ಅಜ್ಜಿಯ ಸೋಬಾನೆ ಪದ.

ಹಚ್ಚಿದಾಗ ಫಜೀತಿ ಶುರು. ಅಜ್ಜಿ ಪದ ಬಂದಾಗ 'ಸೌಂಡ್ ಹೆಚ್ಚಿಗಿ ಮಾಡೋ ತಮ್ಮಾ' ಅಂತಾರೆ. ಹೆಚ್ಚಿಸಿದರೆ ಮುಂದಿನ ಡಿಜೆ ಹಾಡಿಗೆ ಮನೆಮಂದಿಯೆಲ್ಲ ಬೆಚ್ಚಿ ಬೀಳಬೇಕು. ಕೊನೆಗೆ 'ರೆಕಾರ್ಡಿಂಗ್ ಛಲೋ ಇಲ್ಲ' ಎಂದು ಡಿಲೀಟ್ ಆಗುವುದು ಅಜ್ಜಿಯ ಪದವೇ. ಎಷ್ಟೋ ಸಲ ಆ ರೆಕಾರ್ಡಿಂಗ್ ಕೆಟ್ಟಿರುವುದಿಲ್ಲ, ಅದರ ಸೌಂಡ್ ಕಡಿಮೆ ಇರುತ್ತದೆ ಅಷ್ಟೇ.

ಯಾಕ ಹಿಂಗ?

ಸಿಡಿ ಕಾಲದಲ್ಲಿ, ಅದರಲ್ಲೂ 1990ರ ದಶಕದಿಂದ, ತಮ್ಮ ಹಾಡೇ ಜೋರಾಗಿ ಕೇಳಬೇಕೆಂಬ ಪೈಪೋಟಿ ಹೆಚ್ಚಿತು. ಸಣ್ಣ ಸದ್ದನ್ನೂ ದೊಡ್ಡ ಸದ್ದಿನ ಹತ್ತಿರಕ್ಕೆ ಎತ್ತಿ ತುಂಬಿದರು. ಮನೆಯ ಕ್ಯಾಸೆಟ್‌ಗೆ ಆ ಉಪಚಾರ ಸಿಗಲಿಲ್ಲ. ಭಜನೆಯಲ್ಲಿ ಇನ್ನೊಂದು ತೊಡಕಿದೆ. ತಾಳ ಬಡಿದ ಕ್ಷಣ ಸದ್ದು ತುದಿ ಮುಟ್ಟುತ್ತದೆ, ಹಾಡುವ ದನಿ ಕೆಳಗೇ ಉಳಿಯುತ್ತದೆ. ತುದಿಯನ್ನಷ್ಟೇ ಅಳೆಯುವ ಸಾಫ್ಟ್‌ವೇರ್ 'ಇದು ತುಂಬೇದ' ಎಂದು ಸುಮ್ಮನಾಗುತ್ತದೆ.

ಕಿವಿಯ ಲೆಕ್ಕ

ಕಿವಿಗೆ ಒಟ್ಟಾರೆ ಎಷ್ಟು ಜೋರು ಅನಿಸುತ್ತದೆ ಎಂದು ಅಳೆಯುವ 'ರಿಪ್ಲೇಗೇನ್' ಪದ್ಧತಿಯನ್ನು ಡೇವಿಡ್ ರಾಬಿನ್‌ಸನ್ ಎಂಬವರು 2001ರಲ್ಲಿ ಮುಂದಿಟ್ಟರು. ಅದೇ ಲೆಕ್ಕದ ಮೇಲೆ ನಡೆಯುವ 'ಎಂಪಿ3ಗೇನ್' ಉಚಿತ ಸಾಫ್ಟ್‌ವೇರ್. ಹಳೆ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಅದರ ಮಾಮೂಲಿ ಗುರಿ 89 ಡೆಸಿಬಲ್. ಡಿಜೆ ಹಾಡು 98 ಇದ್ದರೆ 9 ಇಳಿಸುತ್ತದೆ, ಭಜನೆ 83 ಇದ್ದರೆ 6 ಏರಿಸುತ್ತದೆ. ಹಾಡನ್ನು ಮತ್ತೆ ಕಂಪ್ರೆಸ್ ಮಾಡುವುದಿಲ್ಲ. ಫೈಲ್ ಒಳಗಿನ ಸೌಂಡ್ ಅಂಕಿಯನ್ನು 1.5 ಡೆಸಿಬಲ್‌ನ ಮೆಟ್ಟಿಲಲ್ಲಿ ಬದಲಿಸುತ್ತದೆ. ಹೀಗಾಗಿ ಗುಣಮಟ್ಟ ಕೆಡುವುದಿಲ್ಲ, ಕಾರ್ ಸ್ಟೀರಿಯೊದಲ್ಲೂ ಫಲ ಸಿಗುತ್ತದೆ.

ಆದರೆ ಭಜನೆಯನ್ನು ಏರಿಸುವಾಗ ತಾಳದ ಸದ್ದು ಒಡೆಯಬಹುದು. ಆಗ 'ಕ್ಲಿಪ್' ಎಂಬ ಎಚ್ಚರಿಕೆ ಕಾಣುತ್ತದೆ. ಅಂಥಲ್ಲಿ ಎಲ್ಲ ಹಾಡುಗಳ ಗುರಿಯನ್ನೇ 86 ಅಥವಾ 83ಕ್ಕೆ ಇಳಿಸಿ, ಪ್ಲೇಯರ್ ವಾಲ್ಯೂಮ್ ಏರಿಸಿಕೊಳ್ಳುವುದೇ ಲೇಸು. ಮೆಲ್ಲಗಿನ ಪದವನ್ನು ಒದರಿಸುವುದಕ್ಕಿಂತ ಒದರುವ ಹಾಡನ್ನು ತಗ್ಗಿಸಿದರೆ ಇಬ್ಬರೂ ಉಳಿಯುತ್ತಾರೆ.

ಇವು ನೆನಪಿರಲಿ

* ಮೊದಲು ಎಲ್ಲ ಹಾಡುಗಳ ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಮನೆ ರೆಕಾರ್ಡಿಂಗ್‌ನ ಮೂಲ ಫೈಲ್ ಮುಟ್ಟಬೇಡಿ.

* ಬೇರೆ ಬೇರೆ ಹಾಡುಗಳಿಗೆ 'ಟ್ರ್ಯಾಕ್' ಆಯ್ಕೆ ಇರಲಿ. ಒಂದೇ ಕಛೇರಿಯ ಹಾಡುಗಳಿಗೆ 'ಆಲ್ಬಂ' ಆರಿಸಿದರೆ ಅವುಗಳ ನಡುವಿನ ಏರಿಳಿತ ಹಾಗೇ ಉಳಿಯುತ್ತದೆ.

* ಸೌಂಡ್ ಏರಿದರೆ ಕ್ಯಾಸೆಟ್‌ನ 'ಸರ್' ಸದ್ದೂ ಏರುತ್ತದೆ. ಅದನ್ನು ತೆಗೆಯುವುದು ಬೇರೆಯೇ ಕೆಲಸ.

* ಕ್ಯಾಸೆಟ್ ಎಸೆಯಬೇಡಿ.